ಬಿಡುಗಡೆಯ ಮಾರನೆಯ ದಿನ

ಕಮ್ಮಾರನು ಕುಲುಮೆಯಿಂದ ಹೊರತೆಗೆದ ಕಬ್ಬಿಣವನ್ನು ನಾವೆಲ್ಲರೂ ನೋಡಿದ್ದೇವೆ. ಮೊದಲು ಅದು ಕೆಂಪಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುತ್ತದೆ. ಕಪ್ಪಾದ ಕಬ್ಬಿಣವು ಇನ್ನೂ ಸುಡುವುದೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯದು. ಆದುದರಿಂದ ಬಲ್ಲವರು ಅದನ್ನು ಕೂಡಲೇ ಮುಟ್ಟುವುದಿಲ್ಲ. ಈ ಎಚ್ಚರಿಕೆ ತಪ್ಪಲ್ಲ. ಆದರೆ ಎಂದೋ ಒಮ್ಮೆ ಕಾದಿತ್ತೆಂಬ ಕಾರಣದಿಂದ ಅದೇ ಕಬ್ಬಿಣವನ್ನು ಹತ್ತು ವರ್ಷಗಳಾದ ಮೇಲೂ ಮುಟ್ಟಲು ಅಂಜುವವನಿಗೆ ಏನೆನ್ನಬೇಕು? ಸೆರೆಮನೆಯಿಂದ ಹೊರಬಂದವರ ವಿಷಯದಲ್ಲಿ ನಮ್ಮ ನಡತೆ ಬಹುಮಟ್ಟಿಗೆ ಇಂತಹುದೇ ಆಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯ ಮೇಜುಗಳನ್ನು ದುರಸ್ತಿಮಾಡಲು ಒಬ್ಬ ಬಡಗಿ ಬಂದಿದ್ದರು. ಅವರು ಉಳಿ ಹಿಡಿದ ರೀತಿಯಿಂದಲೇ ಕೆಲಸ ಬಲ್ಲವರೆಂದು ತಿಳಿಯಿತು. ಕಸುಬನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆವು. “ಜೈಲಿನಲ್ಲಿ, ಸ್ವಾಮಿ” ಎಂದರು. ಆಮೇಲೆ ಹೇಳಿಕಳುಹಿಸುವೆವೆಂದೆವು, ಹೇಳಿಕಳುಹಿಸಲಿಲ್ಲ. ನಿಜವನ್ನು ನುಡಿದುದಕ್ಕೆ ಅವರಿಗೆ ದೊರೆತ ಪ್ರತಿಫಲವಿದು. ಅಳೆಯದೆ ಯಾವುದನ್ನೂ ನಂಬಬೇಡಿರೆಂದು ವಿದ್ಯಾರ್ಥಿಗಳಿಗೆ ದಿನವೂ ಬೋಧಿಸುವ ನಾವು ಅಂದು ಏನನ್ನೂ ಅಳೆಯಲಿಲ್ಲ.

ಇಂತಹ ಸಂಗತಿಯನ್ನು ಅಳೆಯಲು ಸಾಧ್ಯವೇ ಎಂದು ವಾಚಕರು ಕೇಳಬಹುದು. ಸಾಧ್ಯವಿದೆ. ಅಮೆರಿಕದ ಆಲ್‌ಫ್ರೆಡ್ ಬ್ಲುಮ್‌ಸ್ಟೈನ್ ಮತ್ತು ಕಿಮಿನೋರಿ ನಕಮುರ ಎಂಬ ಸಂಶೋಧಕರು ನ್ಯೂಯಾರ್ಕ್ ರಾಜ್ಯದಲ್ಲಿ ೧೯೮೦ರಲ್ಲಿ ಮೊದಲ ಬಾರಿಗೆ ಬಂಧಿತರಾದವರ ದಾಖಲೆಗಳನ್ನು ಪರಿಶೀಲಿಸಿ, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪುನಃ ಬಂಧನಕ್ಕೊಳಗಾಗುವ ಸಂಭವವು ಮೊದಲ ವರ್ಷಗಳಲ್ಲಿ ಹೆಚ್ಚು. ತಪ್ಪಿಲ್ಲದೆ ಕಳೆದ ಒಂದೊಂದು ವರ್ಷವೂ ಅದನ್ನು ಇಳಿಸುತ್ತ ಹೋಗುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಕನ್ನಗಳವಿಗಾಗಿ ಸಿಕ್ಕಿಬಿದ್ದವನು ಸುಮಾರು ೩.೮ ವರ್ಷ, ತೀವ್ರ ಹಲ್ಲೆಗಾಗಿ ಸಿಕ್ಕಿಬಿದ್ದವನು ೪.೩ ವರ್ಷ, ದರೋಡೆಗಾಗಿ ಸಿಕ್ಕಿಬಿದ್ದವನು ೭.೭ ವರ್ಷ ಸರಿಯಾಗಿ ಬಾಳಿದರೆ, ಆ ಸಂಭವವು ಅದೇ ವಯಸ್ಸಿನ ಇತರ ಜನರ ಮಟ್ಟಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ರೇಖೆಯ ಆಕಾರವನ್ನು ಗಮನಿಸಬೇಕು: ಮೊದಲು ಕಡಿದಾದ ಇಳಿಜಾರು, ಅನಂತರ ಸಮತಲ. ಬಿಸಿ ವಸ್ತುವು ತಣಿಯುವ ರೇಖೆಯೂ ಇಂತಹುದೇ ಆಗಿದೆ.

ಹೀಗಿರಲು, ಬಿಡುಗಡೆಯಾದ ಮೊದಲ ದಿನಗಳೇ ಎಲ್ಲಕ್ಕಿಂತ ಮುಖ್ಯವೆಂದು ಊಹಿಸಬಹುದು. ಇದಕ್ಕೆ ಘೋರವಾದ ಇನ್ನೊಂದು ಸಾಕ್ಷ್ಯವೂ ಉಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಹೊರಬಂದ ೩೦,೨೩೭ ಮಂದಿಯ ಅಧ್ಯಯನವೊಂದು ೨೦೦೭ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಅನಂತರದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವವು ಅಲ್ಲಿನ ಇತರ ನಿವಾಸಿಗಳಿಗಿಂತ ೧೨.೭ ಪಟ್ಟು ಹೆಚ್ಚಾಗಿದ್ದಿತು. ಮಾದಕ ಪದಾರ್ಥಗಳ ಅತಿಸೇವನೆಯೇ ಮುಖ್ಯ ಕಾರಣ. ಸೆರೆಯಲ್ಲಿದ್ದಾಗ ಶರೀರವು ಮದ್ದನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ; ಹೊರಬಂದವನು ಹಳೆಯ ಪ್ರಮಾಣವನ್ನೇ ಸೇವಿಸಿದರೆ ಪ್ರಾಣಕ್ಕೆ ಎರವಾಗುತ್ತದೆ.

ಹೊರಬಂದವನಿಗೆ ಅಂದು ಸಂಜೆಗೆ ಏನು ಬೇಕು? ತಲೆಯ ಮೇಲೆ ಸೂರು, ಊರಿಗೆ ಹೋಗಲು ದುಡ್ಡು, ತಾನು ಯಾರೆಂದು ತೋರಿಸುವ ಕಾಗದಪತ್ರ, ಮಾಡಲು ಒಂದು ಕೆಲಸ. ವಿಶ್ವಸಂಸ್ಥೆಯು ೨೦೧೫ರಲ್ಲಿ ಅಂಗೀಕರಿಸಿದ ‘ನೆಲ್ಸನ್ ಮಂಡೇಲಾ ನಿಯಮಗಳು’ ಇವನ್ನೇ ಹೆಸರಿಸಿವೆ. ಹವೆಗೆ ತಕ್ಕ ಉಡುಪನ್ನು ಕೊಡಬೇಕೆಂಬುದನ್ನೂ ಅವು ಮರೆತಿಲ್ಲ. ಶಿಕ್ಷೆಯ ಮೊದಲ ದಿನದಿಂದಲೇ ಬಿಡುಗಡೆಯ ಅನಂತರದ ಬಾಳನ್ನು ಕುರಿತು ಯೋಚಿಸಬೇಕೆಂಬುದು ಅವುಗಳ ಆಶಯ.

ಕಾದ ಗಾಜನ್ನು ಥಟ್ಟನೆ ತಣ್ಣೀರಿಗಿಟ್ಟರೆ ಅದು ಬಿರಿಯುತ್ತದೆ. ಆದುದರಿಂದಲೇ ಗಾಜಿನ ಪಾತ್ರೆಗಳನ್ನು ತಯಾರಿಸುವವರು ಅವನ್ನು ಮೆಲ್ಲಮೆಲ್ಲನೆ ಆರಿಸುತ್ತಾರೆ. ಬಯಲು ಬಂದೀಖಾನೆಗಳ ತತ್ತ್ವವೂ ಇದೇ. ರಾಜಸ್ಥಾನದ ಸಾಂಗಾನೇರದಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಇಂತಹ ಬಂದೀಖಾನೆಯಲ್ಲಿ ಬಂದಿಗಳು ಹೆಂಡಿರು ಮಕ್ಕಳೊಡನೆ ವಾಸಿಸಬಹುದು. ಹೊರಗೆ ಹೋಗಿ ದುಡಿದು ಸಂಸಾರವನ್ನು ಸಾಗಿಸುತ್ತಾರೆ. ಹೇಳಿದ ಹೊತ್ತಿಗೆ ಹಾಜರಿಗೆ ಹಿಂದಿರುಗುತ್ತಾರೆ. ಶಿಕ್ಷೆ ಮುಗಿಯುವ ವೇಳೆಗೆ ಅವರಿಗೆ ಹೊರಗಿನ ಬದುಕು ಹೊಸದಾಗಿರುವುದಿಲ್ಲ. ನಮ್ಮ ದೇವನಹಳ್ಳಿಯ ಬಳಿಯ ಕೊರಮಂಗಲದಲ್ಲಿಯೂ ಒಂದು ಬಯಲು ಬಂದೀಖಾನೆಯುಂಟು.

ಆದರೆ ಉಪಮಾನವನ್ನು ಅತಿಯಾಗಿ ಎಳೆಯಬಾರದು. ಕಬ್ಬಿಣವು ಯಾರ ನೆರವೂ ಇಲ್ಲದೆ ತಾನಾಗಿಯೇ ತಣಿಯುತ್ತದೆ. ಮನುಷ್ಯನು ಸರಿಯಾಗಿ ಬಾಳುವ ಆ ನಾಲ್ಕು ಅಥವಾ ಎಂಟು ವರ್ಷಗಳನ್ನು ಬರಿಯ ಗಾಳಿಯಲ್ಲಿ ಕಳೆಯಲಾರನು. ಅವನಿಗೆ ಕೂಲಿ ಕೊಡುವವರೂ ಮನೆ ಬಾಡಿಗೆಗೆ ಕೊಡುವವರೂ ಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಡೀವಾ ಪೇಜರ್ ಮಿಲ್ವಾಕಿ ನಗರದಲ್ಲಿ ನಡೆಸಿದ ಪ್ರಯೋಗವು ೨೦೦೩ರಲ್ಲಿ ಪ್ರಕಟವಾಯಿತು. ಸಮಾನ ಯೋಗ್ಯತೆಯ ಯುವಕರನ್ನು ಕೆಲಸ ಕೇಳಲು ಕಳುಹಿಸಿ, ಕೆಲವರು ಮಾತ್ರ ತಾವು ಸೆರೆಯಲ್ಲಿದ್ದುದಾಗಿ ತಿಳಿಸುವಂತೆ ಏರ್ಪಡಿಸಲಾಗಿದ್ದಿತು. ಬಿಳಿಯರಲ್ಲಿ ಸೆರೆಯ ಕಳಂಕವಿಲ್ಲದವರಿಗೆ ಶೇಕಡಾ ೩೪ರಷ್ಟು ಕರೆಗಳು ಬಂದರೆ, ಕಳಂಕವಿದ್ದವರಿಗೆ ೧೭ ಮಾತ್ರ. ಕರಿಯರಲ್ಲಿ ಈ ಅಂಕಿಗಳು ೧೪ ಮತ್ತು ೫. ರೇಖೆಯನ್ನು ಇಳಿಸಬಲ್ಲ ಕೆಲಸವನ್ನೇ ನಾವು ನಿರಾಕರಿಸಿ, ರೇಖೆಯು ಇಳಿಯಲಿಲ್ಲವೆಂದು ದೂರುತ್ತೇವೆ!

ಕಾನೂನು ಈ ಭಯಕ್ಕೆ ಒಂದು ಅವಧಿಯನ್ನು ಗೊತ್ತುಮಾಡಬಹುದು. ಬ್ರಿಟನ್ನಿನ ೧೯೭೪ರ ಶಾಸನದಂತೆ ಅನೇಕ ಶಿಕ್ಷೆಗಳು ನಿಯಮಿತ ಕಾಲದ ಅನಂತರ ‘ಸಂದುಹೋದವು’ ಎಂದು ಪರಿಗಣಿತವಾಗುತ್ತವೆ. ನಮ್ಮ ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವು ಸದ್ವರ್ತನೆಯ ಭರವಸೆಯ ಮೇಲೆ ಬಿಡಲ್ಪಟ್ಟವರಿಗೆ ಅಪರಾಧನಿರ್ಣಯದಿಂದ ಬರುವ ಅನರ್ಹತೆ ತಟ್ಟದಂತೆ ರಕ್ಷಿಸುತ್ತದೆ; ಸೆರೆವಾಸವನ್ನು ಪೂರೈಸಿ ಬಂದವರಿಗೆ ಆ ರಕ್ಷಣೆಯನ್ನು ಅದು ಕೊಡುವುದಿಲ್ಲ.

ನೊಂದವರ ನೋವನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಮಕ್ಕಳ ಪಾಲನೆಯಂತಹ ಕೆಲಸಗಳಲ್ಲಿ ವಿಶೇಷ ಎಚ್ಚರ ಅಗತ್ಯವೆಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಮೇಜಿನ ಕಾಲನ್ನು ಜೋಡಿಸುವವನಿಂದ ನಮಗೆ ಯಾವ ಅಪಾಯವಿದ್ದಿತು? ಎಷ್ಟು ಕಾಲ ಕಳೆದಿದೆ, ಆ ಕಾಲದಲ್ಲಿ ಏನು ಮಾಡಿದಿರಿ ಎಂದಾದರೂ ಕೇಳಬಹುದಾಗಿದ್ದಿತು. ನಾವು ಕೇಳಲಿಲ್ಲ.

ಆ ಬಡಗಿಯವರು ಈಗ ಎಲ್ಲಿರುವರೋ ತಿಳಿಯದು. ಅಂತಹವರು ಇನ್ನೊಬ್ಬರು ನಮ್ಮ ಬಾಗಿಲಿಗೆ ಬಂದರೆ, ಮೊದಲು ಒಂದು ಹಲಗೆಯನ್ನು ಅವರ ಕೈಗೆ ಕೊಟ್ಟು, ಕೆಲಸ ಮುಗಿದ ಮೇಲೆ ಕೂಲಿಯನ್ನು ಎಣಿಸಿಕೊಡುವೆವು.