ಮೊಬೈಲ್ ಕ್ಯಾಲೆಂಡರು ತಾಳೆಯಾಗದಿದ್ದಾಗ

ಮದ್ದು ಹೊಡೆಯುವ ದಿನ, ಕೊನೆಗೌಡ ಬರುವ ದಿನ, ಸಂಘದ ಸಾಲದ ಗಡುವು, ಗೊಬ್ಬರ ತರುವ ದಿನ ಇವನ್ನೆಲ್ಲ ಬಗ್ಗೋಣ ಪಂಚಾಂಗದ ಅಂಚಿನಲ್ಲೋ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೋ ಪೆನ್ಸಿಲಿನಿಂದ ಗುರುತು ಮಾಡಿಡುವುದು ನಮ್ಮ ಕಡೆಯ ವಾಡಿಕೆ. ಈಚಿನ ವರ್ಷಗಳಲ್ಲಿ ಈ ಕೆಲಸ ಮೊಬೈಲಿಗೆ ಸರಿದಿದೆ. ಕಾರಣವೂ ಇದೆ. ತೋಟ ಅಚವೆಯಲ್ಲೋ ಹಿಲ್ಲೂರಿನಲ್ಲೋ ಇದ್ದರೆ ಮಗ ಬೆಂಗಳೂರಿನಲ್ಲಿ, ಮಗಳು ಗೋವೆಯಲ್ಲಿ, ತಮ್ಮ ದುಬೈಯಲ್ಲಿ. ಎಲ್ಲರಿಗೂ ಒಂದೇ ದಿನಾಂಕ ಕಾಣಬೇಕಾದರೆ ಮೊಬೈಲ್ ಕ್ಯಾಲೆಂಡರು ಅನುಕೂಲವೇ ಸರಿ. ಆದರೆ ಗೋಡೆಯ ಮೇಲೆ ಕ್ಯಾಲೆಂಡರು ಒಂದೇ ಇತ್ತು. ಬರೆದದ್ದು ತಪ್ಪಾದರೂ ಮನೆಮಂದಿಗೆಲ್ಲ ಒಂದೇ ತಪ್ಪು. ಈಗ ಅಪ್ಪನ ಮೊಬೈಲಿನಲ್ಲಿ ಒಂದು, ಮಗನ ಮೊಬೈಲಿನಲ್ಲಿ ಇನ್ನೊಂದು ದಿನಾಂಕ ತೋರಿಸುವ ಪ್ರಸಂಗ ಬರುತ್ತದೆ. ಇದನ್ನು ಸರಿಪಡಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಇದು ಚಿಕ್ಕ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ, ಮಳೆ ಮುಂದುವರಿದರೆ ಮೂರನೆಯ ಸಲ ಹೊಡೆಯಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಎರಡನೆಯ ಸುತ್ತು ಬರುವುದು ಜುಲೈ ನಡುವಿನ ಬಿರುಮಳೆಯಲ್ಲಿ. ಆಗ ಬಿಸಿಲು ಕಂಡ ದಿನಕ್ಕೆ ಕೆಲಸ ಹೊಂದಿಸಬೇಕು. ದಿನಾಂಕ ಎರಡು ಮೂರು ಸಲ ಬದಲಾಗುವುದೂ ಉಂಟು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು ಇಂಥದೇ ಹೊತ್ತಿನಲ್ಲಿ. ಮೈಲುತುತ್ತ, ಸುಣ್ಣ ಕಲಸಿದ ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು, ಮರುದಿನಕ್ಕೆ ಇಡುವಂತಿಲ್ಲ. ಅಪ್ಪ ದಿನಾಂಕ ಮುಂದಕ್ಕೆ ಹಾಕಿದ್ದು ಕೊನೆಗೌಡನಿಗೆ ಫೋನು ಮಾಡುವ ಮಗನ ಮೊಬೈಲಿಗೆ ತಲುಪದಿದ್ದರೆ, ಆಳು ಬಂದ ದಿನ ಮದ್ದು ಇಲ್ಲ, ಮದ್ದು ಕಲಸಿದ ದಿನ ಆಳು ಇಲ್ಲ.

ಸಾಲದ ಗಡುವಿನದೂ ಹೀಗೆಯೇ. ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಶೂನ್ಯ ಬಡ್ಡಿಯ ಸೌಲಭ್ಯ ದೊರೆಯುವುದು ಗಡುವಿನೊಳಗೆ ತೀರಿಸಿದವರಿಗೆ. ಮೊಬೈಲು ನೆನಪಿಸಲಿಲ್ಲ ಎಂಬ ಸಬೂಬು ಯಾವ ಸಂಘದ ಲೆಕ್ಕದಲ್ಲೂ ನಡೆಯದು.

ತಾಳೆ ಎಂದರೇನು?

ಮೊಬೈಲಿನವರು ಸಿಂಕ್ ಎನ್ನುವುದನ್ನು ನಮ್ಮ ಸಂಘದ ಭಾಷೆಯಲ್ಲಿ ತಾಳೆ ಎನ್ನಬಹುದು. ಸಂಘದಲ್ಲಿ ನಿಮ್ಮ ಹೆಸರಿನ ಖಾತೆ ಒಂದಿದೆ, ನಿಮ್ಮ ಕೈಯಲ್ಲಿ ಪಾಸ್ ಪುಸ್ತಕ ಇದೆ. ನಿಜವಾದ ಲೆಕ್ಕ ಇರುವುದು ಸಂಘದ ಖಾತೆಯಲ್ಲಿ. ಪಾಸ್ ಪುಸ್ತಕ ಅದರ ಪ್ರತಿ. ಪುಸ್ತಕ ತಂದು ಬರೆಸಿಕೊಳ್ಳುವವರೆಗೆ ಅದು ಹಳೆಯ ಬಾಕಿಯನ್ನೇ ತೋರಿಸುತ್ತಿರುತ್ತದೆ. ಗೂಗಲ್ ಕ್ಯಾಲೆಂಡರು ಕೆಲಸ ಮಾಡುವುದೂ ಇದೇ ರೀತಿ. 2006ರಲ್ಲಿ ಆರಂಭವಾದ ಈ ಕ್ಯಾಲೆಂಡರಿನಲ್ಲಿ ಮೂಲ ಖಾತೆಯು ಗೂಗಲ್ ಕಂಪನಿಯ ದೂರದ ಕಂಪ್ಯೂಟರಿನಲ್ಲಿ ನಿಮ್ಮ ಜಿಮೇಲ್ ವಿಳಾಸದ ಹೆಸರಿಗೆ ಇರುತ್ತದೆ. ನಿಮ್ಮ ಮೊಬೈಲು, ಮಗನ ಮೊಬೈಲು, ಮನೆಯ ಲ್ಯಾಪ್‌ಟಾಪು ಎಲ್ಲವೂ ಪಾಸ್ ಪುಸ್ತಕಗಳು. ವ್ಯತ್ಯಾಸ ಇಷ್ಟೇ: ಈ ಪಾಸ್ ಪುಸ್ತಕದಲ್ಲಿ ನೀವೇ ಬರೆಯಬಹುದು, ಬರೆದದ್ದು ಮೂಲ ಖಾತೆಗೆ ಹೋಗಿ ಅಲ್ಲಿಂದ ಉಳಿದ ಪುಸ್ತಕಗಳಿಗೆ ಇಳಿಯುತ್ತದೆ.

ಆದುದರಿಂದ ದಿನಾಂಕ ಕಾಣದಿದ್ದಾಗ ಮೊದಲು ನೋಡತಕ್ಕದ್ದು ಮೊಬೈಲನ್ನಲ್ಲ, ಮೂಲ ಖಾತೆಯನ್ನು. ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ಪುಟವನ್ನು ತೆರೆದು ಅದೇ ಜಿಮೇಲ್‌ನಿಂದ ಒಳಗೆ ಹೋಗಿ ನೋಡಿ. ಅಲ್ಲಿ ದಿನಾಂಕ ಸರಿಯಾಗಿ ಕಂಡರೆ, ಬರೆದವರ ಮೊಬೈಲು ಸರಿಯಿದೆ, ಓದುವವರ ಮೊಬೈಲಿನಲ್ಲಿ ದೋಷವಿದೆ. ಅಲ್ಲಿಯೇ ಇಲ್ಲವಾದರೆ ಬರೆದವರ ಮೊಬೈಲಿನಿಂದ ಅದು ಹೊರಟೇ ಇಲ್ಲ. ಅರ್ಧ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ. ಈ ಪರೀಕ್ಷೆ ಮಾಡದೆ ಎರಡೂ ಮೊಬೈಲುಗಳ ಸೆಟ್ಟಿಂಗ್ಸ್ ತಿರುವಿಹಾಕಿ ಇನ್ನಷ್ಟು ಗೋಜಲು ಮಾಡಿಕೊಳ್ಳುವವರೇ ಹೆಚ್ಚು.

ಬೇರೆ ಪುಸ್ತಕದಲ್ಲಿ ಬರೆದದ್ದು

ತಾಳೆಯಾಗದಿದ್ದರೆ ನಮ್ಮವರು ಮೊದಲು ದೂರುವುದು ನೆಟ್‌ವರ್ಕನ್ನು. ಕದ್ರಾದ ಆಚೆಗೂ ಸುಂಕಸಾಳದ ಸುತ್ತಲೂ ಇರುವವರು ಹಾಗೆ ದೂರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನೆಟ್‌ವರ್ಕಿನ ದೋಷ ತಾತ್ಕಾಲಿಕ. ತೋಟದಲ್ಲಿ ಸಿಗ್ನಲ್ ಇಲ್ಲದಾಗ ಬರೆದ ದಿನಾಂಕವನ್ನು ಮೊಬೈಲು ತನ್ನಲ್ಲೇ ಇಟ್ಟುಕೊಂಡು, ಸಂಜೆ ಪೇಟೆಗೆ ಬಂದು ಇಂಟರ್ನೆಟ್ ಸಿಕ್ಕೊಡನೆ ಕಳಿಸುತ್ತದೆ. ಎರಡು ದಿನ ಸರಿಯಾದ ಸಿಗ್ನಲ್‌ನಲ್ಲಿ ಇದ್ದೂ ಹೋಗಲಿಲ್ಲವೆಂದರೆ ಕಾರಣ ಬೇರೆಯೇ ಇರುತ್ತದೆ. ಬಹುಪಾಲು ಅದು ಬೇರೆ ಪುಸ್ತಕದಲ್ಲಿ ಬರೆದದ್ದಾಗಿರುತ್ತದೆ.

ಇದು ಹೇಗೆ ಆಗುತ್ತದೆಂದರೆ, ಹಲವು ಕಂಪನಿಗಳ ಮೊಬೈಲುಗಳಲ್ಲಿ ಕಂಪನಿಯದೇ ಕ್ಯಾಲೆಂಡರು ಇರುತ್ತದೆ. ಸ್ಯಾಮ್‌ಸಂಗ್ ಮೊಬೈಲಿನಲ್ಲಿ ಸ್ಯಾಮ್‌ಸಂಗ್‌ನದೇ ಕ್ಯಾಲೆಂಡರು ಉಂಟು. ಅದರಲ್ಲಿ ಬರೆದದ್ದು ಗೂಗಲ್ ಖಾತೆಗೆ ಹೋಗದೆ ಆ ಮೊಬೈಲಿನೊಳಗೇ ಉಳಿಯಬಹುದು. ಅದು ಸಂಘದ ಖಾತೆಗೆ ಹೋಗದ, ಮನೆಯ ನೋಟುಬುಕ್ಕಿನ ಲೆಕ್ಕವಿದ್ದಂತೆ: ನಿಮಗೆ ಕಾಣುತ್ತದೆ, ಗಂಟೆಯೂ ಬಾರಿಸುತ್ತದೆ, ಬೇರೆ ಯಾರಿಗೂ ಕಾಣದು. ಮೊಬೈಲು ಕೆಟ್ಟರೆ ಅದರೊಂದಿಗೇ ಹೋಯಿತು.

ಇನ್ನೊಂದು ಬಗೆಯೂ ಇದೆ. ಹಳೆಯ ಮೊಬೈಲು ಕೆಟ್ಟು ಹೊಸದನ್ನು ಕೊಳ್ಳುವಾಗ ಹಳೆಯ ಪಾಸ್‌ವರ್ಡ್ ನೆನಪಿರುವುದಿಲ್ಲ. ಅಂಗಡಿಯಲ್ಲಿ ಕುಳಿತಲ್ಲಿಯೇ ಹೊಸ ಜಿಮೇಲ್ ತೆಗೆದು ಮೊಬೈಲು ಚಾಲೂ ಮಾಡಿಕೊಡುತ್ತಾರೆ. ಅಲ್ಲಿಂದ ಮುಂದೆ ನೀವು ಬರೆದದ್ದೆಲ್ಲ ಹೊಸ ಖಾತೆಗೆ ಜಮಾ. ಮಗ ನೋಡುತ್ತಿರುವುದು ಹಳೆಯ ಖಾತೆಯನ್ನು. ಎರಡೂ ಮೊಬೈಲುಗಳು ಸರಿಯಾಗಿಯೇ ಕೆಲಸ ಮಾಡುತ್ತಿವೆ, ಎರಡೂ ತಾಳೆಯಾಗುತ್ತಿವೆ, ಆದರೆ ಬೇರೆ ಬೇರೆ ಖಾತೆಗೆ.

ಪತ್ತೆ ಹಚ್ಚುವುದು ಸುಲಭ. ಗೂಗಲ್ ಕ್ಯಾಲೆಂಡರಿನಲ್ಲಿ ಬರೆದ ದಿನವನ್ನು ಒತ್ತಿ ತೆರೆದರೆ ಕೆಳಗೆ ಅದು ಯಾವ ಕ್ಯಾಲೆಂಡರಿಗೆ ಸೇರಿದ್ದು ಎಂಬುದು ಕಾಣುತ್ತದೆ. ಮಗನ ಮೊಬೈಲಿನಲ್ಲಿರುವ ಜಿಮೇಲ್ ವಿಳಾಸದೊಂದಿಗೆ ಅದನ್ನು ಅಕ್ಷರಶಃ ಹೋಲಿಸಿ ನೋಡಿ. ಒಂದು ಚುಕ್ಕೆ ಬಿಟ್ಟು ಉಳಿದ ಯಾವ ಅಕ್ಷರ, ಅಂಕಿ ವ್ಯತ್ಯಾಸವಾದರೂ ಅದು ಬೇರೆ ಖಾತೆಯೇ. ಮೊಬೈಲಿನೊಳಗೇ ಉಳಿದದ್ದು ಕಂಡುಬಂದರೆ ಅದನ್ನು ಗೂಗಲ್ ಕ್ಯಾಲೆಂಡರಿನಲ್ಲಿ ಹೊಸದಾಗಿ ಬರೆದು, ಹೋದದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಹಳೆಯದನ್ನು ಅಳಿಸಬೇಕು. ಮೊದಲೇ ಅಳಿಸಬಾರದು. ಹೊಸ ದಿನಾಂಕ ಬರೆಯುವಾಗ ಯಾವ ಜಿಮೇಲ್‌ಗೆ ಎಂಬ ಸಾಲನ್ನು ಒಮ್ಮೆ ನೋಡಿ ಬರೆಯುವ ಅಭ್ಯಾಸವಾದರೆ ಮುಂದೆ ಈ ತೊಂದರೆ ಬಾರದು.

ಉಳಿದ ದೋಷಗಳು

ಖಾತೆ ಒಂದೇ ಇದ್ದೂ ಬಾರದಿದ್ದರೆ ಆಗ ತಾಳೆಯ ಗುಂಡಿ ನೋಡಬೇಕು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿ ನಿಮ್ಮ ಗೂಗಲ್ ಖಾತೆಯನ್ನು ತೆರೆದರೆ, ಕ್ಯಾಲೆಂಡರ್ ಎಂಬುದರ ಎದುರು ಸಿಂಕ್ ಗುಂಡಿ ಇರುತ್ತದೆ. ಅದು ಚಾಲೂ ಇರಬೇಕು. ಗೂಗಲ್ ಕ್ಯಾಲೆಂಡರಿನ ಒಳಗಿನ ಸೆಟ್ಟಿಂಗ್ಸ್‌ನಲ್ಲಿಯೂ ಪ್ರತಿ ಕ್ಯಾಲೆಂಡರಿಗೆ ಇಂಥದೇ ಇನ್ನೊಂದು ಗುಂಡಿ ಉಂಟು. ಎಡಬದಿಯ ಮೂರು ಗೆರೆಗಳನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ಕ್ಯಾಲೆಂಡರಿನ ಹೆಸರಿನ ಮುಂದೆ ಗುರುತು ಇಲ್ಲದಿದ್ದರೆ, ದಿನಾಂಕ ಬಂದಿದ್ದರೂ ಕಣ್ಣಿಗೆ ಕಾಣುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಎರಡು ಮೂರು ದಿನ ಹೋದಾಗ ಬ್ಯಾಟರಿ ಉಳಿಸಲು ಬ್ಯಾಟರಿ ಸೇವರ್ ಹಾಕುತ್ತೇವೆ. ಇಂಟರ್ನೆಟ್ ಬೇಗ ಮುಗಿಯಬಾರದೆಂದು ಡೇಟಾ ಸೇವರ್ ಹಾಕುತ್ತೇವೆ. ಇವೆರಡೂ ಮೊಬೈಲು ತಾನಾಗಿ ಹಿನ್ನೆಲೆಯಲ್ಲಿ ಮಾಡುವ ಕೆಲಸವನ್ನು ತಡೆಯುತ್ತವೆ. ತಾಳೆ ಅಂಥ ಕೆಲಸಗಳಲ್ಲೊಂದು. ಕರೆಂಟು ಬಂದ ಮೇಲೆ ಇವನ್ನು ತೆಗೆಯಲು ಮರೆತರೆ ದಿನಾಂಕಗಳು ತಡವಾಗಿ ಬರುತ್ತವೆ. ಮೊಬೈಲಿನ ಗಡಿಯಾರವನ್ನು ಕೈಯಿಂದ ಹೊಂದಿಸಿದ್ದರೆ ಅದನ್ನೂ ತಾನಾಗಿ ಸರಿಹೋಗುವಂತೆ ಬದಲಿಸಿಕೊಳ್ಳುವುದು ಒಳ್ಳೆಯದು.

ಐಫೋನ್ ಇರುವ ಮಕ್ಕಳಿಗೆ ಒಂದು ಮಾತು. ಅದರ ಸ್ವಂತ ಕ್ಯಾಲೆಂಡರಿನಲ್ಲಿ ಗೂಗಲ್ ದಿನಾಂಕಗಳನ್ನು ನೋಡುವವರಿಗೆ ಬದಲಾವಣೆ ಕೂಡಲೇ ಬರುವುದಿಲ್ಲ. ನಿಗದಿತ ಅವಧಿಗೊಮ್ಮೆ ಹೋಗಿ ತರುವ ವ್ಯವಸ್ಥೆ ಅದು. ಗೂಗಲ್ ಕ್ಯಾಲೆಂಡರನ್ನೇ ಪ್ರತ್ಯೇಕವಾಗಿ ಹಾಕಿಕೊಳ್ಳುವುದು ಸರಳ ಉಪಾಯ.

ಇಷ್ಟೆಲ್ಲ ಆದರೂ ಸರಿಹೋಗದಿದ್ದಾಗ ಗೂಗಲ್ ಖಾತೆಯನ್ನು ಮೊಬೈಲಿನಿಂದ ತೆಗೆದು ಮತ್ತೆ ಸೇರಿಸುವ ಸಲಹೆಯನ್ನು ಯಾರಾದರೂ ಕೊಡುತ್ತಾರೆ. ಸಲಹೆ ತಪ್ಪಲ್ಲ. ಆದರೆ ಮೂಲ ಖಾತೆಗೆ ಇನ್ನೂ ಹೋಗದ ದಿನಾಂಕಗಳು ಆ ಮೊಬೈಲಿನಲ್ಲಿದ್ದರೆ ಖಾತೆಯೊಂದಿಗೆ ಅವೂ ಅಳಿಯುತ್ತವೆ. ಮೊದಲು ಅವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಪಾಸ್‌ವರ್ಡ್ ನೆನಪಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ತಾಳೆಯಾಗಿಯೂ ತಪ್ಪು ಕಾಣುವುದು

ಕೆಲವು ದೂರುಗಳು ದೋಷವೇ ಅಲ್ಲ. ಇಲ್ಲಿ ಬೆಳಿಗ್ಗೆ 7 ಗಂಟೆಗೆ ಸಿಂಪಡಣೆ ಎಂದು ಬರೆದದ್ದು ದುಬೈಯ ಮೊಬೈಲಿನಲ್ಲಿ 5-30 ಎಂದು ಕಾಣುತ್ತದೆ. ಕುವೈತಿನಲ್ಲೋ ಕತಾರಿನಲ್ಲೋ ಇದ್ದರೆ 4-30. ಅಲ್ಲಿಯ ಗಡಿಯಾರ ನಮಗಿಂತ ಅಷ್ಟು ಹಿಂದೆ ಇರುವುದರಿಂದ ಅದು ಸರಿಯೇ. ಹೊತ್ತಿನ ಅಗತ್ಯವಿಲ್ಲದ ಸಾಲದ ಗಡುವಿನಂಥವನ್ನು ಇಡೀ ದಿನದ ಕೆಲಸವೆಂದು ಬರೆದರೆ ಎಲ್ಲ ದೇಶದಲ್ಲೂ ಅದೇ ತಾರೀಖು ಕಾಣುತ್ತದೆ.

ದಿನಾಂಕ ಬಂದಿದೆ, ಗಂಟೆ ಬಾರಿಸಲಿಲ್ಲ ಎಂಬುದು ಇನ್ನೊಂದು ದೂರು. ನಿಮ್ಮ ಕ್ಯಾಲೆಂಡರನ್ನು ಮಗನೊಂದಿಗೆ ಹಂಚಿಕೊಂಡಾಗ ಅವನಿಗೆ ಹೋಗುವುದು ದಿನಾಂಕ ಮಾತ್ರ. ಎಷ್ಟು ಮುಂಚೆ ನೆನಪಿಸಬೇಕೆಂಬುದನ್ನು ಅವರವರ ಮೊಬೈಲಿನಲ್ಲಿ ಅವರವರೇ ಹೊಂದಿಸಿಕೊಳ್ಳಬೇಕು. ಸಾಲದ ಗಡುವಿಗೆ ಒಂದು ದಿನ ಮುಂಚಿನ ಗಂಟೆ ಸಾಲದು, ಹದಿನೈದು ದಿನ ಮುಂಚೆ ಒಂದು, ಮೂರು ದಿನ ಮುಂಚೆ ಇನ್ನೊಂದು ಇಡುವುದು ಮೇಲು. ಹಣ ಹೊಂದಿಸಲು ಅಡಿಕೆ ಮಾರಬೇಕಾದೀತು.

ಮೂರನೆಯದು ನಮ್ಮ ಪಂಚಾಂಗಕ್ಕೆ ಸಂಬಂಧಿಸಿದ್ದು. ಚೌತಿಯ ದಿನ ಆಳು ಸಿಗದೆಂದು ಗುರುತು ಹಾಕಿ, ಪ್ರತಿ ವರ್ಷ ಬರಲಿ ಎಂದು ಒತ್ತಿದರೆ ಮೊಬೈಲು ಇಂಗ್ಲಿಷ್ ತಾರೀಖನ್ನೇ ಹಿಡಿದು ಕೂರುತ್ತದೆ. ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ತಿಥಿ ಚಂದ್ರನ ಲೆಕ್ಕ, ಆದ್ದರಿಂದ ಹಬ್ಬ, ಶ್ರಾದ್ಧ ಮುಂತಾದವನ್ನು ವರ್ಷವರ್ಷವೂ ಪಂಚಾಂಗ ನೋಡಿಯೇ ಬರೆಯಬೇಕು. ಮಳೆ ನಕ್ಷತ್ರಗಳದು ಹಾಗಲ್ಲ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಸುಮಾರಿಗೆ ಪ್ರತಿ ವರ್ಷ ಹಿಡಿಯುತ್ತವೆ. ಅವು ಸೂರ್ಯನ ಲೆಕ್ಕವಾದುದರಿಂದ ಹೆಚ್ಚೆಂದರೆ ಒಂದು ದಿನ ಆಚೀಚೆ. ಮೊದಲ ಸಿಂಪಡಣೆಯನ್ನು ಮೃಗಶಿರಕ್ಕೆ ಮೊದಲು ಎಂದು ಲೆಕ್ಕ ಹಾಕುವ ಹಿರಿಯರು ಅದನ್ನು ಧಾರಾಳವಾಗಿ ಪ್ರತಿ ವರ್ಷಕ್ಕೆಂದು ಒತ್ತಿಡಬಹುದು. ಎರಡನೆಯದನ್ನು ಮಾತ್ರ ಮೊದಲನೆಯದು ನಿಜವಾಗಿ ಮುಗಿದ ದಿನದಿಂದ ಎಣಿಸಿ ಆಯಾ ವರ್ಷವೇ ಬರೆಯತಕ್ಕದ್ದು.

ಹಂಚಿಕೊಳ್ಳುವ ವಿಚಾರ

ಮನೆಮಂದಿಯೆಲ್ಲ ಒಂದೇ ಜಿಮೇಲನ್ನು ಎಲ್ಲ ಮೊಬೈಲಿಗೂ ಹಾಕಿಕೊಳ್ಳುವುದು ಕೆಲವರ ಪದ್ಧತಿ. ತಾಳೆಯೇನೋ ಆಗುತ್ತದೆ, ಆದರೆ ಎಲ್ಲರ ಪತ್ರ, ಫೋಟೋ ಎಲ್ಲವೂ ಒಂದೆಡೆ ಸೇರುತ್ತದೆ. ನಮಗೆ ಇದು ಸರಿಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ತೋಟ ಎಂಬ ಹೆಸರಿನ ಬೇರೆಯೇ ಕ್ಯಾಲೆಂಡರು ತೆರೆದು, ಅದರ ಸೆಟ್ಟಿಂಗ್ಸ್‌ನಲ್ಲಿ ಮನೆಯವರ ಜಿಮೇಲ್‌ಗಳನ್ನು ಸೇರಿಸುವುದು ಉತ್ತಮ ಮಾರ್ಗ. ಸೇರಿಸಿದವರಿಗೆ ಒಂದು ಪತ್ರ ಹೋಗುತ್ತದೆ. ಅದನ್ನು ತೆರೆದು ಒಪ್ಪಿಕೊಳ್ಳದಿದ್ದರೆ ಕ್ಯಾಲೆಂಡರು ಅವರಲ್ಲಿ ಕಾಣದು. ಎಷ್ಟೋ ಮನೆಗಳಲ್ಲಿ ಕೆಲಸ ನಿಂತಿರುವುದು ಈ ಒಂದು ಹಂತದಲ್ಲಿ. ಬದಲಿಸುವ ಅಧಿಕಾರವನ್ನು ತೋಟ ನೋಡಿಕೊಳ್ಳುವ ಒಬ್ಬಿಬ್ಬರಿಗೆ ಕೊಟ್ಟು, ಉಳಿದವರಿಗೆ ನೋಡುವ ಅಧಿಕಾರ ಮಾತ್ರ ಇಟ್ಟರೆ ಸಾಕು. ಅಧಿಕಾರವಿದ್ದವರು ಒಂದು ದಿನಾಂಕ ಅಳಿಸಿದರೆ ಅದು ಎಲ್ಲರಲ್ಲೂ ಅಳಿಯುತ್ತದೆ. ಹಾಗೆ ಕೈತಪ್ಪಿ ಅಳಿಸಿದ್ದನ್ನು ಕಂಪ್ಯೂಟರಿನ ಪುಟದಲ್ಲಿರುವ ಕಸದ ಬುಟ್ಟಿಯಿಂದ ಸುಮಾರು 30 ದಿನದೊಳಗೆ ಹಿಂದಕ್ಕೆ ತರಬಹುದು.