ರಿಪೀಟರ್ ಗುಂಯ್‌ಗುಡುವಾಗ

ಹ್ಯಾಮ್ ರೇಡಿಯೊದವರ ಕೈಯಲ್ಲಿರುವ ಐದು ವಾಟ್‌ನ ಸೆಟ್ಟು, ಮಲೆನಾಡಿನ ಒಂದೇ ಒಂದು ಗುಡ್ಡ ಅಡ್ಡ ಬಂದರೂ ಸೋಲುತ್ತದೆ. ಅದಕ್ಕೇ ಗುಡ್ಡದ ನೆತ್ತಿಯಲ್ಲಿ ರಿಪೀಟರ್ ಕೂರಿಸುವುದು. ಎರಡು ಮೀಟರ್ ಬ್ಯಾಂಡಿನಲ್ಲಿ ಅದು ಕೇಳಿಸಿಕೊಂಡದ್ದನ್ನು ಅದೇ ಗಳಿಗೆಯಲ್ಲಿ, 600 ಕಿಲೋಹರ್ಟ್ಸ್ ಆಚೆಯ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟೂ ಮೊಬೈಲ್ ಸಿಗ್ನಲ್ಲೂ ಒಟ್ಟಿಗೇ ಹೋದ ದಿನ ಆ ಪೆಟ್ಟಿಗೆಯ ಬೆಲೆ ಊರಿಗೆ ಗೊತ್ತಾಗುತ್ತದೆ. ಅದೇನಾದರೂ ಕೈಕೊಟ್ಟರೆ ಎಲ್ಲರೂ ಬೆರಳು ತೋರಿಸುವುದು ಟ್ರಾನ್ಸ್‌ಮಿಟರ್ ಕಡೆಗೆ, ಆಂಟೆನಾ ಕಡೆಗೆ. ನಾನಂತೂ ಮೊದಲು ವಿಚಾರಿಸುವುದು ಪವರ್ ಸಪ್ಲೈಯನ್ನು. ಆ ವಿಚಾರಣೆ ಗುಡ್ಡ ಹತ್ತುವ ಮೊದಲೇ, ಮನೆಯಲ್ಲಿ ಕೂತು ಕಿವಿಗೊಡುವುದರಿಂದ ಶುರುವಾಗಬೇಕು.

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ನಾಲ್ಕು ಡಯೋಡಿನ ಬ್ರಿಜ್ ಅದನ್ನು ಡಿಸಿ ಮಾಡುವಾಗ ಉಳಿಯುವ ಏರಿಳಿತ 100 ಹರ್ಟ್ಸ್‌ನದು. ಅದನ್ನು ಅಳಿಸುವ ದೊಡ್ಡ ಕೆಪಾಸಿಟರ್ ಒಣಗಿದ್ದರೆ ಮಾತಿನ ಹಿಂದೆ ಆ ಗುಂಯ್ ಶಬ್ದ ಕೇಳತೊಡಗುತ್ತದೆ. ಅದು ಒಂದು ಸ್ಥಾಯಿ ಕೆಳಗಿಳಿದು ಮಂದ್ರದಲ್ಲಿ ಕೇಳಿದರೆ ಒಂದು ಡಯೋಡ್ ಸತ್ತು, ಬ್ರಿಜ್ ಅರ್ಧ ಕೆಲಸ ಮಾತ್ರ ಮಾಡುತ್ತಿರಬಹುದು. ಸಂಗೀತದ ಕಿವಿ ಇದ್ದವರಿಗೆ ಈ ವ್ಯತ್ಯಾಸ ತಿಳಿಯಲು ಯಾವ ಮೀಟರೂ ಬೇಡ. ಸಂಜೆ ಮಾತ್ರ ಗುಂಯ್‌ಗುಟ್ಟಿ ಬೆಳಿಗ್ಗೆ ಸರಿಹೋಗುವುದಾದರೆ ದೋಷ ಪೆಟ್ಟಿಗೆಯೊಳಗೆ ಇಲ್ಲದೆಯೂ ಇರಬಹುದು. ಊರಿನ ದೀಪಗಳು, ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ 230 ವೋಲ್ಟ್ 180ಕ್ಕೆ ಇಳಿದರೆ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಸಪ್ಲೈಯಲ್ಲಿ ರೆಗ್ಯುಲೇಟರ್‌ಗೆ ಬೇಕಾದ ಹೆಚ್ಚುವರಿ ಎರಡು ಮೂರು ವೋಲ್ಟ್ ಸಿಗುವುದಿಲ್ಲ. ಆಗ ಅದು ಏರಿಳಿತವನ್ನು ತಡೆಯಲಾರದೆ ರೇಡಿಯೊಗೆ ದಾಟಿಸಿಬಿಡುತ್ತದೆ.

ಇನ್ನೊಂದು ಲಕ್ಷಣ, ಬಟನ್ ಒತ್ತಿದೊಡನೆ ರಿಪೀಟರ್ ಎದ್ದು ಬಿದ್ದು ಎದ್ದು ಟಕಟಕ ಅನ್ನುವುದು. ಟ್ರಾನ್ಸ್‌ಮಿಟರ್ ಹತ್ತು ಆಂಪಿಯರ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕಂಟ್ರೋಲರ್ ರೀಸೆಟ್ ಆಗುತ್ತದೆ, ಟ್ರಾನ್ಸ್‌ಮಿಟರ್ ನಿಲ್ಲುತ್ತದೆ. ಭಾರ ಇಳಿದೊಡನೆ ವೋಲ್ಟೇಜ್ ಮರಳುತ್ತದೆ, ಮತ್ತೆ ಅದೇ ಕಥೆ. ಹೀಗಿದ್ದೂ ಮೇಲೆ ಹೋದವರು ಮೀಟರ್ ಹಿಡಿದು ‘13.8 ಇದೆ, ಸಪ್ಲೈ ಸರಿಯಾಗಿದೆ’ ಎಂದು ತೀರ್ಪು ಕೊಟ್ಟು ಇಳಿದುಬರುತ್ತಾರೆ. ಸುಮ್ಮನೆ ಕೂತ ರಿಪೀಟರ್ ಎಳೆಯುವುದು ಅರ್ಧ ಆಂಪಿಯರ್ ಇದ್ದೀತು. ಆಗಿನ ರೀಡಿಂಗ್ ನಂಬಿ ತೀರ್ಪು ಕೊಡುವುದನ್ನು ನಾನು ಒಪ್ಪುವುದೇ ಇಲ್ಲ. ಅಳೆಯಬೇಕಾದದ್ದು ಟ್ರಾನ್ಸ್‌ಮಿಟ್ ಮಾಡುತ್ತಿರುವಾಗ, ಅದೂ ಸಪ್ಲೈಯ ಬಾಯಲ್ಲಲ್ಲ, ರೇಡಿಯೊಗೆ ತಂತಿ ಸೇರುವ ಕಡೆ.

ಎರಡೂ ತುದಿಗಳಲ್ಲಿ ಅಳೆದು ನೋಡಿ. ಸಪ್ಲೈಯಲ್ಲಿ 13.7, ರೇಡಿಯೊದಲ್ಲಿ 12.4 ಬಂದರೆ ನಡುವೆ ಯಾರೋ ತಿನ್ನುತ್ತಿದ್ದಾರೆ. ಹೆಚ್ಚಿನ ಸಲ ಅದು ಫ್ಯೂಸ್ ಹೋಲ್ಡರ್. ಹೊರಗಿನಿಂದ ಅದರಲ್ಲಿ ಯಾವ ಕುಂದೂ ಕಾಣುವುದಿಲ್ಲ. ಫ್ಯೂಸ್ ಕಿತ್ತು ಟಾರ್ಚ್ ಬಿಟ್ಟರೆ ತಗಡಿನ ಹಲ್ಲುಗಳ ಮೇಲೆ ಹಸಿರು ಕಿಲುಬು, ಅಂಚಿನ ಪ್ಲಾಸ್ಟಿಕ್ ಕಂದಿ ಮೆತ್ತಗಾದ ಗುರುತು. ಹೋಲ್ಡರಿನ ತಂತಿಯನ್ನು ಸ್ವಲ್ಪ ಸುಲಿದರೆ ಇನ್ಸುಲೇಶನ್ನಿನ ಒಳಗೂ ತಾಮ್ರ ಕಪ್ಪಾಗಿರುತ್ತದೆ. ಓಮಿನ ಹತ್ತನೇ ಒಂದು ಭಾಗ ತಡೆ ಸಾಕು: ಹತ್ತು ಆಂಪಿಯರ್‌ಗೆ ಒಂದು ವೋಲ್ಟ್ ನಷ್ಟ, ಆ ಪುಟ್ಟ ಕೀಲಿನಲ್ಲೇ ಹತ್ತು ವಾಟ್ ಬಿಸಿ. ಬಿಸಿಯಾದಷ್ಟೂ ಹಿಡಿತ ಸಡಿಲ, ಸಡಿಲವಾದಷ್ಟೂ ಬಿಸಿ. ಘಟ್ಟದ ಮಂಜು, ತೇವ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತವೆ. ಇಂಥದ್ದನ್ನು ಉಜ್ಜಿ ಮತ್ತೆ ಹಾಕಬೇಡಿ, ಕತ್ತರಿಸಿ ಹೊಸದು ಹಾಕಿ.

ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವ ಅಭ್ಯಾಸ ಮಾತ್ರ ಅಪಾಯದ್ದು. ಹಳೆಯ ಸಪ್ಲೈಗಳಲ್ಲಿ 2ಎನ್3055ದಂಥ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ರೆಗ್ಯುಲೇಟರ್ ಹಿಂದಿನ ಇಪ್ಪತ್ತಕ್ಕೂ ಹೆಚ್ಚು ವೋಲ್ಟ್ ನೇರ ರೇಡಿಯೊಗೆ ನುಗ್ಗುತ್ತದೆ. ಅದನ್ನು ತಡೆಯಲು ಕ್ರೋಬಾರ್ ಎಂಬ ಸರ್ಕ್ಯೂಟ್ ಇರುತ್ತದೆ: ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಔಟ್‌ಪುಟ್ಟನ್ನು ತಾನೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಅಲ್ಲಿ ಫ್ಯೂಸ್ ಹೋದದ್ದೇ ರೇಡಿಯೊ ಉಳಿದದ್ದಕ್ಕೆ ಕಾರಣ. ಇಂಥ ಸಪ್ಲೈಯನ್ನು ಕೆಳಗೆ ತಂದು, ರೇಡಿಯೊ ಬಿಡಿಸಿ, ನಮ್ಮ ರಿಪೇರಿ ಅಂಗಡಿಗಳ ಹಳೆಯ ಸೀರೀಸ್ ಲ್ಯಾಂಪಿಗೆ ಹಾಕಿ. 100 ವಾಟ್ ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು ಎಂದರ್ಥ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಬೇಕು.

ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ, ಎಲ್‌ಇಡಿ ಬೋರ್ಡುಗಳಿಗೆ ಹಾಕುವ ಎಸ್‌ಎಂಪಿಎಸ್ (ಸ್ವಿಚಿಂಗ್ ಸಪ್ಲೈ) ಡಬ್ಬಿಗಳೂ ಗುಡ್ಡ ಹತ್ತಿವೆ. ಹಗುರ, ಕಡಿಮೆ ವೋಲ್ಟೇಜಿಗೂ ಹೆಚ್ಚಾಗಿ ಬಗ್ಗುವುದಿಲ್ಲ. ಆದರೆ ಅವುಗಳ ಸ್ವಿಚಿಂಗ್ ಗದ್ದಲ ರಿಸೀವರಿನೊಳಗೆ ನುಸುಳಿ ದೂರದ ಕ್ಷೀಣ ಸ್ಟೇಶನ್ನುಗಳನ್ನು ನುಂಗಿಬಿಡುತ್ತದೆ. ರಿಪೀಟರ್ ಜೋರಾಗಿ ಮಾತಾಡುತ್ತದೆ, ಯಾರದ್ದೂ ಕೇಳಿಸಿಕೊಳ್ಳುವುದಿಲ್ಲ. ಕ್ಷೀಣ ಸಿಗ್ನಲ್ ಬರುತ್ತಿರುವಾಗ ಎಸ್‌ಎಂಪಿಎಸ್ ಆರಿಸಿ ಬರೀ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸಿಗ್ನಲ್ ತಿಳಿಯಾದರೆ ಕಳ್ಳ ಸಿಕ್ಕಿದ.

ಬ್ಯಾಟರಿಯ ಮಾತು ಬಂದಾಗ ಒಂದು ಕಳಕಳಿ. ತಗಡಿನ ಚಾವಣಿಯ ಕೋಣೆಯಲ್ಲಿ ಬೇಸಿಗೆಯ 40 ಡಿಗ್ರಿಗೂ ಅದೇ 13.8ರ ಚಾರ್ಜ್ ಕೊಡುತ್ತಿದ್ದರೆ ಸೀಲ್ಡ್ ಬ್ಯಾಟರಿ ಒಳಗೇ ಒಣಗುತ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು 20 ಮಿಲಿವೋಲ್ಟ್ ಇಳಿಸಬೇಕು. ಚಾರ್ಜರ್ ಜೊತೆಗಿದ್ದಾಗ ಒಣಗಿದ ಬ್ಯಾಟರಿಯೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ, ಕರೆಂಟು ಹೋದ ರಾತ್ರಿಯೇ ಬಣ್ಣ ಬಯಲಾಗುವುದು. ಆದ್ದರಿಂದ ಮುಂಗಾರು ಶುರುವಾಗುವ ಮೊದಲು ಮೇನ್ಸ್ ಆರಿಸಿ, ಆಂಟೆನಾದ ಬದಲು ಡಮ್ಮಿ ಲೋಡಿಗೆ ಕೆಲವು ನಿಮಿಷ ಟ್ರಾನ್ಸ್‌ಮಿಟ್ ಮಾಡಿಸಿ. ವೋಲ್ಟೇಜ್ ಹತ್ತೂವರೆಯ ಆಸುಪಾಸಿಗೆ ಜಾರಿದರೆ ಒಂದು ಸೆಲ್ ಸತ್ತಿರುವ ಸಾಧ್ಯತೆಯೇ ಹೆಚ್ಚು. ಸ್ಪ್ಯಾನರ್ ಹಿಡಿಯುವ ಮೊದಲು ಕೈಯ ಉಂಗುರ ತೆಗೆದಿಡಿ, ಬ್ಯಾಟರಿಯ ಎರಡು ತುದಿ ಒಂದು ಲೋಹಕ್ಕೆ ತಗುಲಿದರೆ ಬೆರಳೇ ಬೇಯುತ್ತದೆ. ಎಲ್ಲ ಸರಿಯಿರುವ ದಿನದ ರೀಡಿಂಗ್‌ಗಳನ್ನು, ಸುಮ್ಮನಿದ್ದಾಗಿನದು, ಟ್ರಾನ್ಸ್‌ಮಿಟ್ ಆಗುವಾಗಿನದು, ಬರೀ ಬ್ಯಾಟರಿಯದು, ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಅಂಟಿಸಿ. ಮುಂದಿನ ಸಲ ಮಳೆಯಲ್ಲಿ ನೆನೆದು ಮೇಲೆ ಹೋಗುವವರು ಬೇರೆಯವರೇ ಆಗಿರಬಹುದು.