ಬೇಸಿಗೆಯಲ್ಲಿ ಕೊಟ್ಟಿಗೆ ಕಾಯುವ ನಾಯಿಗೆ ಹಣ್ಣಿನ ಐಸ್



ಬೇಸಿಗೆ ಬಂತೆಂದರೆ ಹಸು, ಎಮ್ಮೆ, ಕರುಗಳ ಆರೈಕೆಯ ಬಗ್ಗೆ ಈ ಪುಟಗಳಲ್ಲಿ ಬರೆಯುವುದು ವಾಡಿಕೆ. ಈ ಸಲ ಕೊಟ್ಟಿಗೆಯ ಬಾಗಿಲಲ್ಲೇ ಮಲಗಿದ್ದರೂ ನಮ್ಮ ಲೆಕ್ಕಕ್ಕೆ ಬಾರದ ಇನ್ನೊಂದು ಪ್ರಾಣಿಯ ವಿಷಯ ತಿಳಿಸಬಯಸುತ್ತೇನೆ. ಅದೇ ನಿಮ್ಮ ನಾಯಿ. ಕೈಲಾಂಚ ಹೋಬಳಿಯಂತಹ ಗುಡ್ಡಗಾಡಿನ ಅಂಚಿನ ಊರುಗಳಲ್ಲಿ ಚಿರತೆಯ ಸುಳಿವು ಸಿಕ್ಕರೆ ಮೊದಲು ಬೊಗಳುವುದು ಅದೇ. ರಾತ್ರಿ ಕರುವನ್ನು ಕಾಯುವುದೂ, ಮಾವಿನ ತೋಪಿಗೆ ಕಾವಲಿರುವುದೂ ಅದೇ.

ಮಾರ್ಚ್ ಕೊನೆಯಿಂದ ಜೂನ್‌ವರೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಬಿಸಿಲೂ ಮಾವೂ ಒಟ್ಟಿಗೇ ಬರುತ್ತವೆ. ಮನೆಯಲ್ಲಿ ಬಾದಾಮಿ, ರಸಪುರಿ, ಸೇಂದೂರ ಹಣ್ಣು ರಾಶಿ ಬಿದ್ದಿರುತ್ತದೆ. ಈಗ ಹಳ್ಳಿಯ ಅನೇಕ ಮನೆಗಳಲ್ಲಿ ಫ್ರಿಜ್ಜೂ ಇದೆ. "ಸಾರ್, ನಾಯಿಗೆ ಮಾವಿನ ಹಣ್ಣು ಹಾಕಬಹುದಾ? ಐಸ್ ಕೊಟ್ಟರೆ ಏನೂ ಆಗಲ್ವಾ?" ಎಂದು ಮಕ್ಕಳು ಕೇಳುತ್ತಾರೆ. ಕೊಡಬಹುದು. ಆದರೆ ಯಾವ ಹಣ್ಣು, ಎಷ್ಟು, ಹೇಗೆ ಎಂಬುದನ್ನು ತಿಳಿದು ಕೊಡಬೇಕು. ಹಣ್ಣಿನ ಐಸ್ ನಾಯಿಯ ಸಂತೋಷಕ್ಕೆ. ಅದರ ಪ್ರಾಣ ಉಳಿಸುವುದು ನೀರು ಮತ್ತು ನೆರಳು. ಇದನ್ನು ಮರೆಯದೆ ಮುಂದಿನ ಮಾತು ಓದಿ.

ನಾಯಿಗೆ ಬಿಸಿಲು ಏಕೆ ಬೇಗ ತಟ್ಟುತ್ತದೆ?

ನಾವು ಮೈಯೆಲ್ಲ ಬೆವರಿ ತಂಪಾಗುತ್ತೇವೆ. ನಾಯಿಗೆ ಹಾಗೆ ಬೆವರಲು ಬರುವುದಿಲ್ಲ. ಅದರ ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ, ಅದು ಸಾಲದು. ಹಾಗಾಗಿ ನಾಲಿಗೆ ಚಾಚಿ ತೇಕುತ್ತದೆ. ಬಾಯಿ, ನಾಲಿಗೆ, ಮೂಗಿನ ತೇವ ಆವಿಯಾಗಿ ಹೋಗುವಾಗ ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಕುಡಿಯಲು ನೀರಿಲ್ಲದಿದ್ದರೆ, ಗಾಳಿಯಾಡದಿದ್ದರೆ ಈ ಉಪಾಯ ನಡೆಯುವುದಿಲ್ಲ.

ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು 105 ದಾಟಿದರೆ ಪ್ರಾಣಾಪಾಯ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ತಗಡಿನ ಶೀಟಿನ ಕೆಳಗೆ, ಸಿಮೆಂಟ್ ನೆಲದ ಮೇಲೆ ಕಟ್ಟಿದ ನಾಯಿಗೆ ಇದಕ್ಕಿಂತ ಹೆಚ್ಚು ಬಿಸಿ ತಟ್ಟುತ್ತದೆ. ಉದ್ದ ಕೂದಲಿನ ಪಾಮೇರಿಯನ್, ಚಪ್ಪಟೆ ಮೂತಿಯ ಪಗ್, ಕೊಬ್ಬಿದ ನಾಯಿ, ಮುದಿ ನಾಯಿಗಳಿಗೆ ಅಪಾಯ ಇನ್ನೂ ಹೆಚ್ಚು.

ಐಸ್‌ನಿಂದ ಆಗುವ ಉಪಕಾರ ಎಷ್ಟು?

ಒಂದು ಇಡ್ಲಿಯಷ್ಟು, ಅಂದರೆ ಸುಮಾರು 50 ಗ್ರಾಂ ಐಸ್ ಹೊಟ್ಟೆಯಲ್ಲಿ ಕರಗಿ ಮೈಬಿಸಿಗೆ ಬರುವಷ್ಟರಲ್ಲಿ ಹೀರುವ ಶಾಖ ಸುಮಾರು 6 ಕಿಲೋ ಕ್ಯಾಲೊರಿ. 20 ಕಿಲೋ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅಷ್ಟು ಶಾಖವನ್ನು ಹತ್ತು ಹನ್ನೆರಡು ನಿಮಿಷಗಳಲ್ಲಿ ತಾನೇ ಉತ್ಪತ್ತಿ ಮಾಡಿಬಿಡುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಕಟ್ಟಿಹಾಕಿ ಐಸ್ ಕೊಟ್ಟರೆ ಪ್ರಯೋಜನವಿಲ್ಲ. ನೆರಳಿನಲ್ಲಿರುವ ನಾಯಿಗೆ ಮಾತ್ರ ಅದು ಒಳ್ಳೆಯ ತಿಂಡಿ: ಬಾಯಿಗೆ ತಂಪು, ಹೊಟ್ಟೆಗೆ ನೀರು, ಬೇಸರ ಕಳೆಯಲು ನೆಕ್ಕುವ ಕೆಲಸ. ಮೈಸೂರಿನ ಮೃಗಾಲಯದಲ್ಲಿಯೂ ಬೇಸಿಗೆಯಲ್ಲಿ ಕರಡಿ ಮುಂತಾದ ಪ್ರಾಣಿಗಳಿಗೆ ಹಣ್ಣು ಸೇರಿಸಿದ ಐಸ್, ಕಲ್ಲಂಗಡಿ ಕೊಡುವ ಪದ್ಧತಿ ಇದೆ.

ಕೊಡಬಹುದಾದ ಹಣ್ಣುಗಳು

1. ಕಲ್ಲಂಗಡಿ: ಶೇಕಡಾ 90ಕ್ಕೂ ಹೆಚ್ಚು ನೀರು, ಸಕ್ಕರೆ ಅಂಶ ಕಡಿಮೆ. ಬೀಜ, ಸಿಪ್ಪೆ ತೆಗೆದು ಕೊಡಬೇಕು. ಎಲ್ಲಕ್ಕಿಂತ ಇದೇ ಉತ್ತಮ.
2. ಕರಬೂಜ, ಪರಂಗಿ: ಬೀಜ, ಸಿಪ್ಪೆ ತೆಗೆದ ತಿರುಳು.
3. ಮಾವು: ಚೆನ್ನಾಗಿ ಕಳಿತ ಹಣ್ಣಿನ ತಿರುಳು ಮಾತ್ರ. ಸೊನೆ ಹತ್ತಿದ ಸಿಪ್ಪೆ, ವಾಟೆ ಬೇಡ. ಸಕ್ಕರೆ ಅಂಶ ಹೆಚ್ಚಾದ್ದರಿಂದ ಅಳತೆ ಮೀರಬಾರದು.
4. ಬಾಳೆಹಣ್ಣು: ಸಿಪ್ಪೆ ತೆಗೆದು, ಸ್ವಲ್ಪವೇ.

ಕೊಡಲೇಬಾರದವು

1. ದ್ರಾಕ್ಷಿ, ಒಣದ್ರಾಕ್ಷಿ: ನಾಯಿಯ ಮೂತ್ರಪಿಂಡ ಕೆಡುತ್ತದೆ. ಒಂದು ನಾಯಿಗೆ ಏನೂ ಆಗದಿರಬಹುದು, ಇನ್ನೊಂದು ಸ್ವಲ್ಪ ತಿಂದೇ ಸಾಯಬಹುದು. ಹಬ್ಬದ ಪಾಯಸದಲ್ಲಿ ಉಳಿದ ದ್ರಾಕ್ಷಿಯೂ ಬೇಡ.
2. ಹುಣಸೆ: ಇದು ಹಲವರಿಗೆ ಹೊಸ ವಿಷಯ. ದ್ರಾಕ್ಷಿಯ ವಿಷಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ತಿಳಿಸಿದರು. ಅದೇ ಆಮ್ಲ ಹುಣಸೆಯಲ್ಲಿ ಧಾರಾಳವಾಗಿದೆ. ಹುಣಸೆ ಪಾನಕ, ಹುಳಿ ನೀರು ನಾಯಿಗೆ ಬೇಡ.
3. ಬೆಣ್ಣೆಹಣ್ಣು, ಸೀತಾಫಲದ ಬೀಜ.
4. ಅಂಗಡಿಯ ಐಸ್‌ಕ್ರೀಂ, ಚಾಕೊಲೇಟ್, ಮತ್ತು ಸಕ್ಕರೆರಹಿತ ಎಂದು ಬರೆದ ಸಿಹಿ ಪದಾರ್ಥಗಳು. ಇಂಥ ಕೆಲವು ತಿನಿಸುಗಳಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಿ ಪ್ರಾಣ ತೆಗೆಯುತ್ತದೆ.

ಮಾವಿನ ವಾಟೆಯ ವಿಷಯ ಒತ್ತಿ ಹೇಳಬೇಕು. ನಾವು ಚೀಪಿ ಎಸೆದ ವಾಟೆಯನ್ನು ನಾಯಿ ರುಚಿಗಾಗಿ ನುಂಗಿಬಿಡುತ್ತದೆ. ಅದು ಜೀರ್ಣವಾಗದೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿ ಪದೇ ಪದೇ ವಾಂತಿ ಮಾಡಿ, ಮೇವು ಬಿಟ್ಟು, ಹೊಟ್ಟೆ ಮುಟ್ಟಿದರೆ ನರಳಿ, ಮಲ ಹಾಕದೆ ಇದ್ದರೆ ಅನುಮಾನ ಪಡಬೇಕು. ಎಣ್ಣೆ ಕುಡಿಸಿ ಕಾಯುತ್ತ ಕೂರಬಾರದು. ಅನೇಕ ಬಾರಿ ಆಪರೇಷನ್ ಒಂದೇ ದಾರಿ. ಮಾವು ತಿನ್ನುವ ಕಡೆ ಒಂದು ಮುಚ್ಚಳವಿರುವ ಬಕೆಟ್ ಇಟ್ಟು ವಾಟೆಯನ್ನೆಲ್ಲ ಅದಕ್ಕೇ ಹಾಕುವ ರೂಢಿ ಮಾಡಿದರೆ ಈ ಕಷ್ಟವೇ ಇಲ್ಲ.

ತಯಾರಿಸುವ ವಿಧಾನ

ಹಳೆಯ ಸ್ಟೀಲಿನ ಇಡ್ಲಿ ತಟ್ಟೆ ಇದಕ್ಕೆ ಬಹಳ ಅನುಕೂಲ. ತೂತಿರುವ ತಟ್ಟೆಯಾದರೆ ಸಣ್ಣ ಬಟ್ಟಲುಗಳನ್ನು ಬಳಸಿ. ಐಸ್ ತೆಳ್ಳಗಿರಬೇಕು. ಕಲ್ಲಿನಂತಹ ದಪ್ಪ ಗಡ್ಡೆಯನ್ನು ಕಡಿದು ಹಲ್ಲು ಮುರಿದುಕೊಳ್ಳುವ ನಾಯಿಗಳುಂಟು.

ಕಲ್ಲಂಗಡಿ ಐಸ್: ಬೀಜ ತೆಗೆದ ತಿರುಳು 4 ಲೋಟ. ಕೈಯಲ್ಲಿ ಕಿವುಚಿ ತಟ್ಟೆಗೆ ಹೊಯ್ಯಿರಿ. ನೀರು, ಸಕ್ಕರೆ ಏನೂ ಬೇಡ.

ಮಾವು ಮೊಸರಿನ ಐಸ್: ಮಾವಿನ ತಿರುಳು 1 ಲೋಟ, ಉಪ್ಪು ಹಾಕದ ಮೊಸರು 1 ಲೋಟ, ನೀರು 2 ಲೋಟ. ಚೆನ್ನಾಗಿ ಕಡೆದು ಹೊಯ್ಯಿರಿ. 200 ಮಿಲಿಲೀಟರ್ ಲೋಟದ ಅಳತೆಯಾದರೆ ಸುಮಾರು 16 ಬಿಲ್ಲೆ ಆಗುತ್ತದೆ. ಹಾಲಿನ ಬದಲು ಮೊಸರು ಹೇಳಿರುವುದಕ್ಕೆ ಕಾರಣವಿದೆ. ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ; ಹೆಪ್ಪಾದಾಗ ಆ ಸಕ್ಕರೆ ಸ್ವಲ್ಪ ಕಡಿಮೆಯಾಗಿರುತ್ತದೆ. ಮೊಸರಿಗೂ ಭೇದಿ ಮಾಡುವ ನಾಯಿಯಾದರೆ ನೀರಿನಲ್ಲೇ ಮಾಡಿ.

ಪರಂಗಿ ಬಾಳೆ ಐಸ್: ಪರಂಗಿ ತಿರುಳು 2 ಲೋಟ, ಒಂದು ಸಣ್ಣ ಬಾಳೆಹಣ್ಣು, ನೀರು 1 ಲೋಟ. ಮೆತ್ತಗೆ ಕಿವುಚಿ ಹೊಯ್ಯಿರಿ.

ಹಣ್ಣನ್ನು ಕೊಯ್ಯುವ ಮೊದಲು ತೊಳೆಯಿರಿ. ಸಂಜೆ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ತಟ್ಟೆಯ ತಳವನ್ನು ತಣ್ಣೀರಿನಲ್ಲಿ ಅದ್ದಿದರೆ ಬಿಲ್ಲೆ ಬಿಡುತ್ತದೆ. ತೆಗೆದ ಕೂಡಲೇ ಕೊಡಬೇಡಿ, ನಾಲಿಗೆ ಅಂಟಿಕೊಳ್ಳುತ್ತದೆ. ಐದು ನಿಮಿಷ ಬಿಟ್ಟು, ಮೇಲ್ಭಾಗ ನೀರೊಡೆದ ಮೇಲೆ ನಾಯಿಯ ತಟ್ಟೆಗೆ ಹಾಕಿ. ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಕೊಡಬಾರದು. ಫ್ರಿಜ್ಜು ಇಲ್ಲದವರು ಬೇಸರಪಡಬೇಕಾಗಿಲ್ಲ. ಹೆಚ್ಚಿದ ಕಲ್ಲಂಗಡಿಯ ಪಾತ್ರೆಯನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ ಒಂದೆರಡು ಗಂಟೆ ಇಟ್ಟು ಕೊಟ್ಟರೂ ನಾಯಿಗೆ ಅಷ್ಟೇ ಹಿತ.

ಎಷ್ಟು ಕೊಡಬೇಕು?

ತಿಂಡಿಯಿಂದ ಬರುವ ಶಕ್ತಿ ದಿನದ ಆಹಾರದ ಹತ್ತರಲ್ಲಿ ಒಂದು ಭಾಗ ಮೀರಬಾರದು. 20 ಕಿಲೋ ನಾಯಿಗೆ ಮಾವು ಮೊಸರಿನ ಬಿಲ್ಲೆ ದಿನಕ್ಕೆ ಎರಡು ಅಥವಾ ಮೂರು, 10 ಕಿಲೋ ನಾಯಿಗೆ ಒಂದು ಅಥವಾ ಒಂದೂವರೆ ಸಾಕು. ಮೊದಲ ದಿನ ಕಾಲು ಬಿಲ್ಲೆ ಕೊಟ್ಟು ನೋಡಿ, ಭೇದಿಯಾಗದಿದ್ದರೆ ಮುಂದುವರಿಸಿ. ತಾಯಿ ಹಾಲು ಬಿಡದ ಮರಿಗಳಿಗೂ, ಸಕ್ಕರೆ ಕಾಯಿಲೆಯ ನಾಯಿಗೂ ಬೇಡ. ಮುದ್ದೆ, ಅನ್ನ, ಮೊಟ್ಟೆ ಮುಂತಾದ ನಿತ್ಯದ ಊಟವನ್ನು ಇದು ತಪ್ಪಿಸಬಾರದು.

ಎರಡು ನಾಯಿಗಳಿದ್ದರೆ ದೂರ ದೂರ ಕೊಡಿ, ಕಚ್ಚಾಟ ತಪ್ಪುತ್ತದೆ. ಗೊಂತಿನ ಹತ್ತಿರ, ಹಾಲು ಕರೆಯುವ ಜಾಗದಲ್ಲಿ ಕೊಡಬಾರದು. ಸಿಹಿ ನೀರಿಗೆ ನೊಣ, ಇರುವೆ ಮುತ್ತುತ್ತವೆ. ತಿಂದ ಮೇಲೆ ತಟ್ಟೆ ತೊಳೆದು ಬೋರಲು ಹಾಕಿ. ನಾಯಿಯ ತಟ್ಟೆಯನ್ನು ಹಾಲಿನ ಪಾತ್ರೆಗಳ ಜೊತೆ ಸೇರಿಸಬಾರದು.

ಐಸ್‌ಗಿಂತ ಮೊದಲು ಮಾಡಬೇಕಾದ್ದು

ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ನಾಯಿಯನ್ನು ಗೋಡೆಯ ನೆರಳಿನಲ್ಲಿ ಕಟ್ಟಿ, ಮನೆಮಂದಿಯೆಲ್ಲ ಮಾವು ಕೀಳಲು ತೋಟಕ್ಕೆ ಹೋಗುತ್ತೀರಿ. ಹನ್ನೆರಡು ಗಂಟೆಗೆ ನೆರಳು ಸರಿದುಹೋಗುತ್ತದೆ. ಸರಪಳಿ ಸರಿಯುವುದಿಲ್ಲ. ನೀರಿನ ಬಟ್ಟಲು ಆಗಲೇ ಮಗುಚಿರುತ್ತದೆ. ಕಟ್ಟಿದ ನಾಯಿ ಬಿಸಿಲಿಗೆ ಬಲಿಯಾಗುವುದು ಹೀಗೆಯೇ. ಬಿಟ್ಟ ನಾಯಿ ಚರಂಡಿಯಲ್ಲೋ, ಬಾಳೆ ಬುಡದಲ್ಲೋ ಮಲಗಿ ಬದುಕಿಕೊಳ್ಳುತ್ತದೆ. ಆದ್ದರಿಂದ:

- ದಿನವಿಡೀ ನೆರಳಿರುವ ಹೊಂಗೆ, ಹುಣಸೆ, ಮಾವಿನ ಮರದಡಿ ಉದ್ದ ಸರಪಳಿಯಲ್ಲಿ ಕಟ್ಟಿ. ಸರಪಳಿ ಬುಡಕ್ಕೆ ಸುತ್ತಿಕೊಳ್ಳದಂತಿರಲಿ. ಉದುರಿದ ಕಾಯಿ, ಹಣ್ಣು ಆಯ್ದು ತೆಗೆಯಿರಿ.
- ಮಗುಚದ ಮಣ್ಣಿನ ಬಾನಿ ಅಥವಾ ಸಿಮೆಂಟ್ ತೊಟ್ಟಿಯಲ್ಲಿ ನೀರಿಡಿ. ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಬದಲಿಸಿ.
- ಮಲಗುವ ಕಡೆ ನೆಲಕ್ಕೆ ನೀರು ಚಿಮುಕಿಸಿ. ತಗಡಿನ ಮೇಲೆ ತೆಂಗಿನ ಗರಿ ಹಾಸಿ.
- ಹನ್ನೊಂದರಿಂದ ನಾಲ್ಕು ಗಂಟೆವರೆಗೆ ಬೈಕಿನ ಹಿಂದೆ ಓಡಿಸಬೇಡಿ.

ಬಿಸಿಲ ಹೊಡೆತ ತಗುಲಿದರೆ

ನಿಲ್ಲದ ತೇಕು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಟ, ವಾಂತಿ ಅಥವಾ ರಕ್ತಭೇದಿ, ಕುಸಿದು ಬೀಳುವುದು ಇದರ ಲಕ್ಷಣಗಳು. ಆಗ ಐಸ್ ತಿನ್ನಿಸುವ ಕಾಲವಲ್ಲ. ತೇಕುವ ಬಾಯಿಗೆ ಏನನ್ನು ತುರುಕಿದರೂ ಶ್ವಾಸನಾಳಕ್ಕೆ ಹೋಗಬಹುದು. ನೆರಳಿಗೆ ತಂದು ಮೈಮೇಲೆ, ಹೊಟ್ಟೆಯಡಿ, ತೊಡೆಯ ಸಂದಿಗೆ ಧಾರಾಳವಾಗಿ ತಣ್ಣೀರು ಹೊಯ್ಯಿರಿ. ಫ್ಯಾನ್ ಹಾಕಿ ಅಥವಾ ಮೊರದಿಂದ ಗಾಳಿ ಬೀಸಿ. ಒದ್ದೆ ಗೋಣಿಚೀಲ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಮೊದಲು ತಂಪು ಮಾಡಿ, ನಂತರ ಆಸ್ಪತ್ರೆಗೆ ಒಯ್ಯಿರಿ. ಮೈಬಿಸಿ 103ರ ಸುತ್ತ ಇಳಿದಾಗ, ಥರ್ಮಾಮೀಟರ್ ಇಲ್ಲದಿದ್ದರೆ ತೇಕು ತಗ್ಗಿದಾಗ ನೀರು ನಿಲ್ಲಿಸಿ. ಎದ್ದು ಓಡಾಡಿದರೂ ಪಶುವೈದ್ಯರಿಗೆ ತೋರಿಸಲೇಬೇಕು. ಒಳಗಿನ ಅಂಗಗಳಿಗೆ ಆದ ಪೆಟ್ಟು ಒಂದೆರಡು ದಿನ ಕಳೆದು ಹೊರಬೀಳುವುದುಂಟು.

ಕೊನೆಯದಾಗಿ ಒಂದು ಎಚ್ಚರಿಕೆ. ಜೊಲ್ಲು, ತೂರಾಟ ಹುಚ್ಚುನಾಯಿ ರೋಗದಲ್ಲೂ ಇರುತ್ತವೆ, ಕಣ್ಣಳತೆಯಿಂದ ಬೇರ್ಪಡಿಸಲಾಗದು. ಲಸಿಕೆ ಹಾಕಿಸದ ನಾಯಿಯ ನಡತೆ ಬದಲಾಗಿದ್ದರೆ, ನೀರು ನುಂಗಲಾಗದಿದ್ದರೆ, ಬಾಯಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರವಿಡಿ, ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರ ಬಳಿ ಹೋಗಿ ಚುಚ್ಚುಮದ್ದು ಪಡೆಯಿರಿ. ವರ್ಷಕ್ಕೊಮ್ಮೆ ನಾಯಿಗೆ ಲಸಿಕೆ ಹಾಕಿಸಿದ ಮನೆಯವರಿಗೆ ಈ ಆತಂಕವೂ ಕಡಿಮೆ.

ಈ ಬೇಸಿಗೆಯಲ್ಲಿ ಮಕ್ಕಳ ಕೈಯಲ್ಲೇ ಹಣ್ಣಿನ ಬಿಲ್ಲೆ ಮಾಡಿಸಿ. ಕೊಡುವ ಮೊದಲು ನೆರಳು ಎಲ್ಲಿದೆ, ಬಾನಿಯಲ್ಲಿ ನೀರು ಎಷ್ಟಿದೆ ಎಂದು ನೋಡುವ ಅಭ್ಯಾಸವನ್ನೂ ಅವರಿಗೆ ಕಲಿಸಿ.